ಮೈಕಿನ ಮುಂದೆ ಹೆಣ್ಣು: ಬೋಸ್ಟನ್‌ನಿಂದ ಹೆಬ್ಬಗೋಡಿಯವರೆಗೆ

'ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ನಮ್ಮಲ್ಲಿ ಪ್ರಚಲಿತವಿರುವ ಗಾದೆ. ಗಾದೆಯಲ್ಲಿರುವುದು 'ಬಲ್ಲವನಿಗೆ' ಎಂದು. ಹೆಣ್ಣಿನ ಮಾತಿಗೆ ಬೇರೆಯೇ ಗಾದೆಗಳಿವೆ. 'ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು' ಎಂಬುದನ್ನು ಹೆಚ್ಚಾಗಿ ಕೇಳಿಸಿಕೊಂಡವರು ಮನೆಯ ಸೊಸೆಯಂದಿರು. ಹೇಂಟೆ ಕೂಗಿದರೆ ಬೆಳಗಾದೀತೇ ಎಂಬ ಕುಹಕವನ್ನು ಕೇಳದ ಹೆಣ್ಣು ನಮ್ಮ ನಾಡಿನಲ್ಲಿ ಇರಲಿಕ್ಕಿಲ್ಲ. ಮನೆಯೊಳಗಿನ ಮಾತಿಗೇ ಇಷ್ಟು ಕಡಿವಾಣವಿದ್ದ ಮೇಲೆ ನಾಲ್ಕು ಜನ ಸೇರಿದ ಸಭೆಯಲ್ಲಿ ಎದ್ದು ನಿಂತು ಮಾತನಾಡುವುದು ಎಷ್ಟು ದೊಡ್ಡ ಸಾಹಸವಾಗಿತ್ತು ಎಂಬುದನ್ನು ಊಹಿಸಬಹುದು.

ಮಹಿಳಾ ಹಕ್ಕುಗಳ ಇತಿಹಾಸವನ್ನು ನಾವು ಸಾಮಾನ್ಯವಾಗಿ ಕಾನೂನುಗಳ ಪಟ್ಟಿಯಾಗಿ ಓದುತ್ತೇವೆ. ಇಂಥ ವರ್ಷ ಮತದಾನದ ಹಕ್ಕು, ಇಂಥ ವರ್ಷ ಆಸ್ತಿಯ ಹಕ್ಕು, ಇಂಥ ವರ್ಷ ಹೆರಿಗೆ ರಜೆ. ಆದರೆ ಈ ಪ್ರತಿಯೊಂದು ಹಕ್ಕಿನ ಹಿಂದೆ, ಯಾವುದೋ ಒಂದು ಸಭೆಯಲ್ಲಿ, ನಡುಗುವ ಕಾಲುಗಳ ಮೇಲೆ ಎದ್ದು ನಿಂತ ಒಬ್ಬ ಹೆಣ್ಣುಮಗಳಿದ್ದಾಳೆ. ಮಾತನಾಡುವ ಹಕ್ಕು ಮೊದಲು ಬಂತು, ಉಳಿದ ಹಕ್ಕುಗಳು ಅದರ ಹಿಂದೆ ಬಂದವು. ಈ ಮಾತಿನ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡುತ್ತಾ, ನಮ್ಮದೇ ಬೆಂಗಳೂರಿನ ಹೊರವಲಯದ ಪೀಣ್ಯ, ಬೊಮ್ಮನಹಳ್ಳಿ, ಹೆಬ್ಬಗೋಡಿಗಳವರೆಗೆ ಬರುವುದು ಈ ಲೇಖನದ ಉದ್ದೇಶ.

ಹಳೆಯ ಪರಂಪರೆ

ಹೆಣ್ಣು ಸಭೆಯಲ್ಲಿ ಮಾತನಾಡುವುದು ಪಶ್ಚಿಮದಿಂದ ಬಂದ ಹೊಸ ಚಾಳಿ ಎಂದು ವಾದಿಸುವವರು ನಮ್ಮ ನಡುವೆ ಈಗಲೂ ಇದ್ದಾರೆ. ಅವರು ತಮ್ಮದೇ ಪರಂಪರೆಯನ್ನು ಸರಿಯಾಗಿ ಓದಿಲ್ಲ ಎಂದಷ್ಟೇ ನಾವು ಹೇಳಬಹುದು. ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯದ ಹೆಸರು 'ಅಲ್ ಮುಜಾದಲ'. ಅದರ ಅವತೀರ್ಣಕ್ಕೆ ಕಾರಣವಾದದ್ದು ಖೌಲಾ(ರ) ಎಂಬ ಮಹಿಳೆಯ ವಾದ. 'ನೀನು ನನಗೆ ತಾಯಿಯ ಬೆನ್ನಿನ ಹಾಗೆ' ಎಂದು ಹೇಳಿ ಪತ್ನಿಯನ್ನು ದೂರವಿಡುವ ಅಜ್ಞಾನ ಕಾಲದ ಪದ್ಧತಿಯ ವಿರುದ್ಧ ಆಕೆ ಪ್ರವಾದಿ(ಸ)ಯವರ ಬಳಿ ಬಂದು ದೂರು ಹೇಳಿದರು, ಮತ್ತೆ ಮತ್ತೆ ವಾದಿಸಿದರು. ಆಕೆಯ ಮಾತು ಕೇಳಲ್ಪಟ್ಟಿತು ಎಂಬ ಘೋಷಣೆಯೊಂದಿಗೇ ಆ ಅಧ್ಯಾಯ ಆರಂಭವಾಗುತ್ತದೆ. ಅಸ್ಮಾ ಬಿಂತ್ ಯಝೀದ್(ರ) ಎಂಬ ಅನ್ಸಾರಿ ಮಹಿಳೆ ಸ್ತ್ರೀಯರ ಪ್ರತಿನಿಧಿಯಾಗಿ ಪ್ರವಾದಿ(ಸ)ಯವರ ಮುಂದೆ ನಿಂತು ಪ್ರಶ್ನೆ ಕೇಳಿದವರು. ಇತಿಹಾಸ ಅವರಿಗೆ 'ಸ್ತ್ರೀಯರ ಭಾಷಣಗಾರ್ತಿ' ಎಂಬ ಅರ್ಥದ ಬಿರುದನ್ನೇ ಕೊಟ್ಟಿದೆ. ಮಹ್ರ್‌ಗೆ ಮಿತಿ ಹೇರಲು ಹೊರಟ ಖಲೀಫಾ ಉಮರ್(ರ)ರನ್ನು ಓರ್ವ ಮಹಿಳೆ ಮಸೀದಿಯಲ್ಲೇ ತಡೆದು ತಿದ್ದಿದ ಪ್ರಸಂಗ ನಮ್ಮ ಉಪನ್ಯಾಸಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ವರದಿಯ ಪರಂಪರೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ ಶತಮಾನಗಳಿಂದ ಅದನ್ನು ಮೆಚ್ಚುಗೆಯಿಂದ ಹೇಳಿಕೊಂಡು ಬಂದಿರುವುದೇ ಒಂದು ಸಾಕ್ಷಿ. ಕ್ರಿ.ಶ. 680ರ ಕರ್ಬಲಾ ದುರಂತದ ನಂತರ, ಸೆರೆಯಾಳಾಗಿ ಕೂಫಾ ಮತ್ತು ದಮಾಸ್ಕಸ್‌ಗೆ ಒಯ್ಯಲ್ಪಟ್ಟ ಝೈನಬ್(ರ) ಅಧಿಕಾರದ ಎದುರು ನಿಂತು ಆಡಿದ ಮಾತುಗಳು ಅರಬಿ ವಾಗ್ಮಿತೆಯ ಚರಿತ್ರೆಯಲ್ಲಿ ಸ್ಥಾನ ಪಡೆದಿವೆ.

ಕನ್ನಡ ನಾಡಿನಲ್ಲಿಯೂ ಇಂಥದೇ ನೆನಪಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಮಹಾದೇವಿ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳಿಗೆ ಉತ್ತರಿಸಿದ ಸನ್ನಿವೇಶವನ್ನು 'ಶೂನ್ಯಸಂಪಾದನೆ' ವಿಸ್ತಾರವಾಗಿ ಕಟ್ಟಿಕೊಡುತ್ತದೆ. ಹಾಗಾದರೆ ನಡುವೆ ಏನಾಯಿತು? ಇಂಥ ನೆನಪುಗಳಿದ್ದ ಸಮಾಜಗಳೇ ಹೆಣ್ಣಿನ ದನಿಯನ್ನು ಅಡುಗೆಮನೆಯ ಗೋಡೆಯೊಳಗೆ ಕೂಡಿಹಾಕಿದ್ದು ಹೇಗೆ? ಆರಾಧ್ಯರನ್ನಾಗಿ ಮಾಡಿದವರನ್ನು ಅನುಸರಿಸಬೇಕಾಗಿಲ್ಲ ಎಂಬ ಅನುಕೂಲಕರ ಸೂತ್ರವನ್ನು ಎಲ್ಲ ಸಮಾಜಗಳೂ ಕಂಡುಕೊಂಡವು ಎಂದೇ ತೋರುತ್ತದೆ.

ಕಲ್ಲೇಟಿನ ನಡುವೆ ಒಂದು ಗಂಟೆ

ಆಧುನಿಕ ಮಹಿಳಾ ಹಕ್ಕು ಚಳವಳಿಯ ಆರಂಭವನ್ನು ಅಮೆರಿಕದಲ್ಲಿ ಗುರುತಿಸುವುದು ವಾಡಿಕೆ. ಅಲ್ಲಿಯೂ ಮೊದಲ ಜಗಳ ನಡೆದದ್ದು ಮತದಾನಕ್ಕಾಗಿ ಅಲ್ಲ, ಮಾತಿಗಾಗಿ. 1832ರಲ್ಲಿ ಬೋಸ್ಟನ್ ನಗರದಲ್ಲಿ ಮರಿಯಾ ಸ್ಟುವರ್ಟ್ ಎಂಬ ಕಪ್ಪು ಮಹಿಳೆ ಸ್ತ್ರೀ ಪುರುಷರಿಬ್ಬರೂ ಇದ್ದ ಸಭೆಯಲ್ಲಿ ಮಾತನಾಡಿದರು. ಅಮೆರಿಕದಲ್ಲೇ ಹುಟ್ಟಿದ ಮಹಿಳೆಯೊಬ್ಬರು ಹಾಗೆ ಮಾತನಾಡಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. ವಿರೋಧ ಎಷ್ಟಿತ್ತೆಂದರೆ ಮರುವರ್ಷವೇ ಆಕೆ ವಿದಾಯ ಭಾಷಣ ಮಾಡಿ ಬೋಸ್ಟನ್ ಬಿಟ್ಟು ಹೋಗಬೇಕಾಯಿತು.

ನಂತರ ಬಂದವರು ಸಾರಾ ಮತ್ತು ಏಂಜಲಿನಾ ಗ್ರಿಮ್ಕೆ ಸಹೋದರಿಯರು. ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಶ್ರೀಮಂತ ಮನೆತನದಲ್ಲಿ ಹುಟ್ಟಿ, ಗುಲಾಮಗಿರಿಯ ವಿರುದ್ಧವೇ ಊರೂರು ತಿರುಗಿ ಭಾಷಣ ಮಾಡಿದವರು ಇವರು. 1837ರಲ್ಲಿ ಮಸಾಚುಸೆಟ್ಸ್‌ನ ಪಾದ್ರಿಗಳು ಇವರನ್ನು ಉದ್ದೇಶಿಸಿ ಬಹಿರಂಗ ಪತ್ರ ಹೊರಡಿಸಿದರು. ಹೆಣ್ಣು ಆಸರೆಯ ಮೇಲೆ ಹಬ್ಬುವ ಬಳ್ಳಿಯಂತೆ. ಬಳ್ಳಿ ತಾನೇ ಮರವಾಗಲು ಹೊರಟರೆ ನೆಲಕ್ಕೆ ಬೀಳುತ್ತದೆ ಎಂಬುದು ಅದರ ಸಾರಾಂಶ. ನಮ್ಮ ಕಿವಿಗೆ ಇದು ಎಷ್ಟು ಪರಿಚಿತ! ದೇಶ ಬೇರೆ, ಧರ್ಮ ಬೇರೆ, ಬುದ್ಧಿವಾದ ಮಾತ್ರ ಒಂದೇ.

1838ರ ಫೆಬ್ರವರಿಯಲ್ಲಿ ಏಂಜಲಿನಾ ಮಸಾಚುಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ಮಾತನಾಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಹಾಲ್‌ನಲ್ಲಿ ಅವರ ಭಾಷಣವಿತ್ತು. ಹೊರಗೆ ಗುಂಪು ಕೂಗಾಡುತ್ತಾ ಕಿಟಕಿಗಳಿಗೆ ಕಲ್ಲು ತೂರುತ್ತಿತ್ತು. ಗಾಜು ಒಡೆಯುವ ಸದ್ದಿನ ನಡುವೆಯೇ ಆಕೆ ಸುಮಾರು ಒಂದು ಗಂಟೆ ಮಾತನಾಡಿದರು. ಮರುದಿನ ರಾತ್ರಿ ಆ ಗುಂಪು ಇಡೀ ಕಟ್ಟಡಕ್ಕೆ ಬೆಂಕಿ ಇಟ್ಟಿತು. ಅದು ಉದ್ಘಾಟನೆಯಾಗಿ ಮೂರು ದಿನಗಳಷ್ಟೇ ಆಗಿತ್ತು.

1840ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆ ಪ್ರತಿನಿಧಿಗಳಾಗಿ ಹೋದ ಮಹಿಳೆಯರಿಗೆ ಸಭೆಯಲ್ಲಿ ಕುಳಿತು ಮಾತನಾಡುವ ಅವಕಾಶ ಸಿಗಲಿಲ್ಲ. ಮನುಷ್ಯರ ಸ್ವಾತಂತ್ರ್ಯದ ಬಗ್ಗೆ ಗಂಡಸರು ಚರ್ಚಿಸುವುದನ್ನು ಅವರು ಬದಿಯಲ್ಲಿ ಕುಳಿತು ಕೇಳಬೇಕಾಯಿತು. ಆ ಅವಮಾನದಿಂದ ಹುಟ್ಟಿದ ಮಾತುಕತೆ 1848ರ ಜುಲೈಯಲ್ಲಿ ಸೆನೆಕಾ ಫಾಲ್ಸ್ ಸಮ್ಮೇಳನವಾಯಿತು. ಮಹಿಳೆಯರೇ ಕರೆದ ಆ ಸಭೆಯ ಅಧ್ಯಕ್ಷತೆಯನ್ನೂ ಒಬ್ಬ ಪುರುಷನಿಗೇ ಒಪ್ಪಿಸಲಾಯಿತು. ಹೆಣ್ಣು ಅಧ್ಯಕ್ಷೆಯಾಗುವುದು ಅತಿಯಾದೀತು ಎಂಬ ಅಳುಕು! ಎರಡು ವಾರಗಳ ನಂತರ ರೋಚೆಸ್ಟರ್‌ನಲ್ಲಿ ಅಬಿಗೇಲ್ ಬುಷ್ ಎಂಬ ಮಹಿಳೆ ಅಧ್ಯಕ್ಷ ಪೀಠದಲ್ಲಿ ಕುಳಿತಾಗ ಸ್ವತಃ ಚಳವಳಿಯ ನಾಯಕಿಯರೇ ಮೊದಲು ಆಕ್ಷೇಪಿಸಿದ್ದರು. ಆ ಸಭೆಯಲ್ಲಿ ಮಹಿಳೆಯರ ದನಿ ಹಿಂದಿನ ಸಾಲುಗಳಿಗೆ ಮುಟ್ಟದೆ 'ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ' ಎಂಬ ಕೂಗು ಬಂತಂತೆ. ಮೆಲ್ಲಗೆ ಮಾತನಾಡುವುದನ್ನೇ ಜೀವನವಿಡೀ ಕಲಿತವರಿಗೆ ಗಟ್ಟಿಯಾಗಿ ಮಾತನಾಡುವುದೂ ಕಲಿಯಬೇಕಾದ ವಿದ್ಯೆಯಾಗಿತ್ತು.

ಇಷ್ಟೆಲ್ಲ ಕಷ್ಟಪಟ್ಟು ಭಾಷಣವನ್ನೇ ಏಕೆ ಆರಿಸಿಕೊಂಡರು? ಉತ್ತರ ಸರಳ. ಅವರ ಬಳಿ ಬೇರೇನೂ ಇರಲಿಲ್ಲ. ಮತವಿರಲಿಲ್ಲ, ವಿವಾಹಿತೆಗೆ ಸ್ವಂತ ಆಸ್ತಿ ಇರಲಿಲ್ಲ, ಶಾಸನಸಭೆಯಲ್ಲಿ ಸ್ಥಾನವಿರಲಿಲ್ಲ. ಖರ್ಚಿಲ್ಲದೆ ಬಳಸಬಹುದಾದ ಒಂದೇ ಸಾಧನ ಗಂಟಲು. ಭಾಷಣ ಇನ್ನೊಂದು ಕೆಲಸವನ್ನೂ ಮಾಡಿತು. ನನ್ನ ಮನೆಯ ಸಂಕಟ ನನ್ನೊಬ್ಬಳದು ಎಂದುಕೊಂಡಿದ್ದ ಶ್ರೋತೃವಿಗೆ, ಇದು ಎಲ್ಲರ ಸಂಕಟ, ಇದಕ್ಕೆ ಪರಿಹಾರ ಕೇಳಬಹುದು ಎಂಬ ಅರಿವು ಮೂಡಿದ್ದು ವೇದಿಕೆಯ ಮೇಲಿದ್ದ ಹೆಣ್ಣಿನಿಂದ. ಆಕೆ ಹೇಳಿದ್ದಕ್ಕಿಂತಲೂ ಆಕೆ ಅಲ್ಲಿ ನಿಂತದ್ದೇ ದೊಡ್ಡ ವಾದವಾಗಿತ್ತು.

ನಮ್ಮ ನಾಡಿನ ವೇದಿಕೆಗಳು

ಭಾರತದಲ್ಲಿ 1917ನೆಯ ಇಸವಿಯನ್ನು ಈ ದೃಷ್ಟಿಯಿಂದ ನೆನಪಿಡಬೇಕು. ಆ ವರ್ಷ ಕಲ್ಕತ್ತಾದ ಕಾಂಗ್ರೆಸ್ ಅಧಿವೇಶನಕ್ಕೆ ಆನಿ ಬೆಸೆಂಟ್ ಅಧ್ಯಕ್ಷರಾಗಿದ್ದರು. ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗ ಭಾರತ ಸಚಿವ ಮಾಂಟೆಗುವನ್ನು ಕಂಡು ಮಹಿಳೆಯರಿಗೆ ಮತದಾನದ ಹಕ್ಕು ಕೇಳಿತು. ಜೈಲಿನಲ್ಲಿದ್ದ ಮಕ್ಕಳಾದ ಅಲಿ ಸಹೋದರರ ಪರವಾಗಿ ಅವರ ತಾಯಿ ಆಬಾದಿ ಬಾನೂ ಬೇಗಂ, ಅಂದರೆ ಜನಪ್ರಿಯ 'ಬೀ ಅಮ್ಮಾ', ಬುರ್ಖಾದೊಳಗಿನಿಂದಲೇ ಕಲ್ಕತ್ತಾದ ಮುಸ್ಲಿಂ ಲೀಗ್ ಅಧಿವೇಶನವನ್ನು ಉದ್ದೇಶಿಸಿ ಮಾತನಾಡಿದರು. ಮುಂದೆ ಖಿಲಾಫತ್ ಚಳವಳಿಯ ಕಾಲದಲ್ಲಿ ಆ ವೃದ್ಧೆ ದೇಶವಿಡೀ ಸುತ್ತಿದರು. ಪರದೆ ಮತ್ತು ಭಾಷಣ ಒಂದಕ್ಕೊಂದು ವಿರುದ್ಧ ಎಂದು ಎರಡೂ ಕಡೆಯವರು ಹೇಳುತ್ತಿದ್ದ ಕಾಲದಲ್ಲಿ ಅವರು ಎರಡನ್ನೂ ಒಟ್ಟಿಗೆ ನಿಭಾಯಿಸಿ ತೋರಿಸಿದರು.

ಅದಕ್ಕೂ ಮುನ್ನ 1914ರಲ್ಲಿ ಅಲಿಗಢದಲ್ಲಿ ಭೋಪಾಲದ ಬೇಗಂ ಸುಲ್ತಾನ್ ಜಹಾನ್ ಅವರ ನೇತೃತ್ವದಲ್ಲಿ ಮುಸ್ಲಿಂ ಮಹಿಳೆಯರ ಸಮ್ಮೇಳನ ರೂಪುಗೊಂಡಿತ್ತು. ಅದರ 1918ರ ಲಾಹೋರ್ ಅಧಿವೇಶನದಲ್ಲಿ ಜಹಾನ್‌ಆರಾ ಶಾ ನವಾಜ್ ಬಹುಪತ್ನಿತ್ವದ ವಿರುದ್ಧ ನಿರ್ಣಯ ಮಂಡಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. 1926ರಲ್ಲಿ ಬಂಗಾಳದ ಮಹಿಳಾ ಶಿಕ್ಷಣ ಸಮ್ಮೇಳನದ ಅಧ್ಯಕ್ಷ ಭಾಷಣ ಮಾಡಿದ ರೊಕೇಯಾ ಸಖಾವತ್ ಹುಸೇನ್ ಬಾಲ್ಯದಿಂದ ಕಠಿಣ ಪರದೆಯಲ್ಲಿ ಬೆಳೆದವರು.

ಕರ್ನಾಟಕದ ಚಿತ್ರವೂ ಕಡಿಮೆಯದಲ್ಲ. ಮೈಸೂರು ಸಂಸ್ಥಾನದ 1923ರ ಸುಧಾರಣೆಗಳು, ಹೆಣ್ಣೆಂಬ ಕಾರಣಕ್ಕೆ ಮತದಾನದಿಂದ ಹೊರಗಿಡುವ ನಿಯಮವನ್ನು ತೆಗೆದುಹಾಕಿದವು. ಬೆಂಗಳೂರಿನ ಆರ್. ಕಲ್ಯಾಣಮ್ಮ ಬಾಲವಿಧವೆಯಾಗಿ, 'ಸರಸ್ವತಿ' ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿ, 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ, ಕೆಲವೇ ದಿನಗಳ ಪ್ರಚಾರದಲ್ಲಿ ಸಭೆಗಳನ್ನು ನಡೆಸಿ, ಅಲ್ಪ ಅಂತರದಲ್ಲಿ ಸೋತರು. ಆ ಸೋಲು ಅನೇಕ ಗೆಲುವುಗಳಿಗಿಂತ ದೊಡ್ಡದಾಗಿತ್ತು.

ಆದರೂ ಒಂದು ಲೆಕ್ಕವನ್ನು ನಾವು ಮರೆಯಬಾರದು. ಕನ್ನಡ ಸಾಹಿತ್ಯ ಸಮ್ಮೇಳನ ಆರಂಭವಾದದ್ದು 1915ರಲ್ಲಿ. ಅದರ ಅಧ್ಯಕ್ಷ ಪೀಠದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆ, ಕುಳಿತದ್ದು 1974ರ ಮಂಡ್ಯ ಸಮ್ಮೇಳನದಲ್ಲಿ. ನಡುವೆ 59 ವರ್ಷಗಳು! ಎರಡನೆಯವರಾದ ಶಾಂತಾದೇವಿ ಮಾಳವಾಡರಿಗಾಗಿ 2000ದ ಬಾಗಲಕೋಟೆ ಸಮ್ಮೇಳನದವರೆಗೆ ಕಾಯಬೇಕಾಯಿತು. ಬರೆಯುವ ಮಹಿಳೆಯನ್ನು ಒಪ್ಪಿಕೊಂಡಷ್ಟು ಬೇಗ ವೇದಿಕೆಯಲ್ಲಿ ಮಾತನಾಡುವ ಮಹಿಳೆಯನ್ನು ಕನ್ನಡ ಲೋಕ ಒಪ್ಪಿಕೊಳ್ಳಲಿಲ್ಲ.

ಇನ್ನೊಂದು ಸಂಗತಿಯೂ ಇದೆ. ಮೇಲೆ ಹೆಸರಿಸಿದವರಲ್ಲಿ ಹೆಚ್ಚಿನವರು ಅಕ್ಷರ, ಮನೆತನ, ಬೆಂಬಲ ಇವುಗಳಲ್ಲಿ ಯಾವುದಾದರೊಂದನ್ನು ಪಡೆದವರು. ಇವು ಯಾವುವೂ ಇಲ್ಲದ, ದಿನಗೂಲಿಯ ಹೆಣ್ಣಿಗೆ ವೇದಿಕೆ ಎಲ್ಲಿತ್ತು?

ಹೊಲಿಗೆ ಯಂತ್ರದ ಹುಡುಗಿ

ಇದಕ್ಕೆ ಉತ್ತರವನ್ನು ನ್ಯೂಯಾರ್ಕ್‌ನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹುಡುಕಬೇಕು. 1909ರ ನವೆಂಬರ್ 22ರಂದು ಅಲ್ಲಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಉಡುಪು ಕಾರ್ಮಿಕರ ದೊಡ್ಡ ಸಭೆ ಸೇರಿತ್ತು. ಬಂದವರಲ್ಲಿ ಬಹುಪಾಲು ಹದಿಹರೆಯದ, ವಲಸೆ ಬಂದ ಹುಡುಗಿಯರು. ಎರಡು ಗಂಟೆಗಳ ಕಾಲ ಹಿರಿಯ ನಾಯಕರು ಒಬ್ಬರಾದ ಮೇಲೆ ಒಬ್ಬರು ತಾಳ್ಮೆಯ ಬಗ್ಗೆ, ಎಚ್ಚರಿಕೆಯ ಬಗ್ಗೆ ಭಾಷಣ ಮಾಡಿದರು. ಆಗ 23ರ ಹರೆಯದ ಕ್ಲಾರಾ ಲೆಮ್ಲಿಕ್ ಎಂಬ ಹೊಲಿಗೆ ಕೆಲಸದ ಹುಡುಗಿ ತನಗೆ ಮಾತನಾಡಬೇಕೆಂದು ಕೇಳಿ ವೇದಿಕೆ ಹತ್ತಿದಳು. ಕೆಲವೇ ವಾರಗಳ ಹಿಂದೆ ಮುಷ್ಕರದ ಕಾವಲಿನಲ್ಲಿದ್ದಾಗ ಬಾಡಿಗೆ ಗೂಂಡಾಗಳಿಂದ ಏಟು ತಿಂದು ಅವಳ ಪಕ್ಕೆಲುಬು ಮುರಿದಿತ್ತು. ಅವಳು ಮಾತನಾಡಿದ್ದು ತನ್ನ ಜನರ ಯಿಡ್ಡಿಷ್ ಭಾಷೆಯಲ್ಲಿ, ಕೆಲವೇ ವಾಕ್ಯ. ಇನ್ನು ಮಾತು ಸಾಕು, ಸಾರ್ವತ್ರಿಕ ಮುಷ್ಕರಕ್ಕೆ ಇಳಿಯೋಣ ಎಂಬುದು ಅದರ ತಾತ್ಪರ್ಯ. ಸಭೆ ಎದ್ದು ನಿಂತು ಪ್ರಮಾಣ ಮಾಡಿತು. ಮುಂದಿನ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಂದರು.

1910ರ ಫೆಬ್ರವರಿಯ ಹೊತ್ತಿಗೆ ಹೆಚ್ಚಿನ ಮಾಲಿಕರು ಒಪ್ಪಂದಕ್ಕೆ ಬಂದರು. ಒಪ್ಪದವರಲ್ಲಿ ಟ್ರಯಾಂಗಲ್ ಕಂಪೆನಿಯೂ ಒಂದು. 1911ರ ಮಾರ್ಚ್ 25ರಂದು ಅದೇ ಕಾರ್ಖಾನೆಗೆ ಬೆಂಕಿ ಬಿದ್ದು, ಬಾಗಿಲಿಗೆ ಬೀಗ ಹಾಕಿದ್ದರಿಂದ ಹೊರಬರಲಾಗದೆ 146 ಮಂದಿ ಸತ್ತರು. ಹೆಚ್ಚಿನವರು ಯುವತಿಯರು. ಕಾರ್ಮಿಕ ಹೆಣ್ಣಿನ ಮಾತನ್ನು ಕೇಳದಿದ್ದರೆ ಅದರ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಕ್ರೂರ ಸಾಕ್ಷಿ ಬೇಕಿಲ್ಲ.

ಇಲ್ಲಿ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಆ ಮುಷ್ಕರದಲ್ಲಿ ಇಟಲಿಯಿಂದ ಬಂದ ಹುಡುಗಿಯರು ಕಡಿಮೆ ಸಂಖ್ಯೆಯಲ್ಲಿ ಪಾಲ್ಗೊಂಡರು. ಅವರ ಭಾಷೆಯಲ್ಲಿ ಮಾತನಾಡಬಲ್ಲ ಸಂಘಟಕರು ಬೆರಳೆಣಿಕೆಯಷ್ಟೇ ಇದ್ದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಭಾಷಣದ ಶಕ್ತಿ ಎಷ್ಟೇ ಇದ್ದರೂ ಕೇಳುವವರ ಭಾಷೆಯಲ್ಲಿ ಇರದಿದ್ದರೆ ಅದು ಬರೀ ಸದ್ದು. ಈ ಪಾಠ ನಮಗೆ ಮುಂದೆ ಬೇಕಾಗುತ್ತದೆ.

ಹೊರ ಬೆಂಗಳೂರಿನ ಹೆಣ್ಣು ದುಡಿಮೆ

ಇಂದು ಐಟಿ ನಗರಗಳೆಂದು ಹೆಸರಾದ ಬೆಂಗಳೂರಿನ ಹೊರವಲಯಗಳ ಚರಿತ್ರೆ ಬೇರೆ ಬೇರೆ. ವೈಟ್‌ಫೀಲ್ಡ್ 1880ರ ದಶಕದಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಹುಟ್ಟಿದ ಬೇಸಾಯದ ವಸತಿ. ಪೀಣ್ಯ ಮತ್ತು ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ ಸರಕಾರಿ ಯೋಜನೆಗಳಿಂದ ಬೆಳೆದವು. ಇವುಗಳಿಗೂ ಮುಂಚೆ ದೂರವಾಣಿನಗರದ ಐಟಿಐ, ಜಾಲಹಳ್ಳಿಯ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಗಳಲ್ಲಿ ಸೂಕ್ಷ್ಮ ಜೋಡಣೆಯ ಕೆಲಸಕ್ಕೆ ಮಹಿಳೆಯರು ಗಣನೀಯ ಸಂಖ್ಯೆಯಲ್ಲಿ ಸೇರಿದ್ದರು. ಅವರಿಗೆ ಕಾಯಂ ಕೆಲಸವಿತ್ತು, ಕ್ವಾರ್ಟರ್ಸ್ ಇತ್ತು, ಯೂನಿಯನ್ ಇತ್ತು. 1980ರ ಡಿಸೆಂಬರ್‌ನಲ್ಲಿ ಆರಂಭವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮಹಾ ಮುಷ್ಕರದಲ್ಲಿ ಆ ಕುಟುಂಬಗಳೆಲ್ಲ ಪಾಲುದಾರರಾದವು.

ನಂತರದ ದಶಕಗಳಲ್ಲಿ ಬಂದದ್ದು ಗಾರ್ಮೆಂಟ್ಸ್. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ರಫ್ತು ಉಡುಪಿನ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಬೆಂಗಳೂರು ಮತ್ತು ಸುತ್ತಮುತ್ತ ಲಕ್ಷಾಂತರ ಮಂದಿ ಈ ಉದ್ಯಮದಲ್ಲಿದ್ದಾರೆ, ಅವರಲ್ಲಿ ದೊಡ್ಡ ಬಹುಮತ ಮಹಿಳೆಯರದು. ಮಂಡ್ಯ, ತುಮಕೂರು, ರಾಮನಗರದ ಹಳ್ಳಿಗಳಿಂದ ಬಂದವರು. ನಗರದ ಬಡ ಮೊಹಲ್ಲಾಗಳ ಮುಸ್ಲಿಂ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಟೈಲರ್, ಹೆಲ್ಪರ್, ಚೆಕಿಂಗ್ ಎಂದು ಲೈನಿನಲ್ಲಿ ಕುಳಿತವರಿಗೆ ಗಂಟೆಗಿಷ್ಟು ಎಂಬ ಟಾರ್ಗೆಟ್. ಅದು ಮುಟ್ಟದಿದ್ದರೆ ಸೂಪರ್‌ವೈಸರ್‌ನ ಬೈಗುಳ. ಈ ಉದ್ಯಮದಲ್ಲಿ ಸಂಘಟನೆ ಮಾಡಿದ ಎಲ್ಲರೂ ಮೊದಲು ಹೇಳುವ ದೂರು ಸಂಬಳಕ್ಕಿಂತಲೂ ಈ ಬೈಗುಳದ್ದು. ಲೈನಿನಲ್ಲಿ ಗಟ್ಟಿಯಾಗಿ ಮಾತನಾಡುವ ಅಧಿಕಾರ ಒಬ್ಬನಿಗೇ. ಉಳಿದವರು ತಲೆ ತಗ್ಗಿಸಿ ಹೊಲಿಯಬೇಕು. ಸಂಜೆ ಮನೆಗೆ ಬಂದರೆ ಒಲೆ, ನೀರು, ಮಕ್ಕಳು. ಸಭೆಗೆ ಹೋಗಲು ಉಳಿಯುವುದು ಭಾನುವಾರದ ಅರ್ಧ ದಿನ, ಅದೂ ಗಂಡ ಅಥವಾ ಅತ್ತೆ ಒಪ್ಪಿದರೆ.

'ಮುನ್ನಡೆ' ಎಂಬ ಮಹಿಳಾ ಸಂಘಟನೆ, ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, 2012ರಲ್ಲಿ ಮಹಿಳೆಯರ ನಾಯಕತ್ವದಲ್ಲೇ ಆರಂಭವಾದ ಗಾರ್ಮೆಂಟ್ ಲೇಬರ್ ಯೂನಿಯನ್ ಮುಂತಾದವು ಇಂಥ ಅರ್ಧ ದಿನಗಳಲ್ಲಿ ಬೆಳೆದವು. ಕಾರ್ಖಾನೆಯಿಂದಲೇ ಬಂದ ಹೆಣ್ಣುಮಕ್ಕಳು ಅವುಗಳಲ್ಲಿ ಪದಾಧಿಕಾರಿಗಳಾಗಿ ಮೈಕ್ ಹಿಡಿದರು. ಆದರೆ ಲಕ್ಷಗಟ್ಟಲೆ ಕಾರ್ಮಿಕರ ನಡುವೆ ಸಂಘದ ಸದಸ್ಯರು ಸಣ್ಣ ಭಾಗ ಮಾತ್ರ.

2016ರ ಆ ಎರಡು ದಿನ

2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಭವಿಷ್ಯ ನಿಧಿಯ ನಿಯಮವನ್ನು ಬದಲಾಯಿಸಿತು. ಕೆಲಸ ಬಿಟ್ಟ ಕಾರ್ಮಿಕರು ತಮ್ಮ ವಂತಿಗೆಯನ್ನು ಪಡೆಯಬಹುದು, ಮಾಲಿಕರ ಪಾಲಿನ 3.67 ಶೇಕಡಾ ಭಾಗವನ್ನು ಮಾತ್ರ 58 ವರ್ಷ ತುಂಬುವವರೆಗೆ ಪಡೆಯುವಂತಿಲ್ಲ ಎಂಬುದು ಅದರ ಸಾರ. ದಿಲ್ಲಿಯ ಕಚೇರಿಯಲ್ಲಿ ಕುಳಿತವರಿಗೆ ಇದು ವೃದ್ಧಾಪ್ಯದ ಭದ್ರತೆ. ಗಾರ್ಮೆಂಟ್ಸ್ ಹೆಣ್ಣಿಗೆ ಅದು ಬೇರೆಯೇ ಲೆಕ್ಕ. ಆ ಕೆಲಸದಲ್ಲಿ 58ರ ತನಕ ಉಳಿಯುವವರು ವಿರಳ. ಕಣ್ಣು, ಬೆನ್ನು ಸೋತು ಎಷ್ಟೋ ಮುಂಚೆ ಕೆಲಸ ಬಿಡುತ್ತಾರೆ. ಪಿ.ಎಫ್. ಎಂದರೆ ಮಗಳ ಮದುವೆ, ಮಗನ ಫೀಸು, ಕೈಸಾಲದ ತೀರುವಳಿ. ಅವಳ ಹೆಸರಿನಲ್ಲಿರುವ ಒಂದೇ ಒಂದು ಉಳಿತಾಯ ಅದು.

ಏಪ್ರಿಲ್ 18ರ ಸೋಮವಾರ ಬೊಮ್ಮನಹಳ್ಳಿಯ ಕಾರ್ಖಾನೆಯ ಮಹಿಳೆಯರು ಕೆಲಸ ಬಿಟ್ಟು ಹೊರಬಂದು ಹೊಸೂರು ರಸ್ತೆಯಲ್ಲಿ ಕುಳಿತರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಬಸ್ಸು ಕಾರುಗಳೆಲ್ಲ ನಿಂತವು. ಮರುದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ, ಮೈಸೂರು ರಸ್ತೆ, ಹೆಬ್ಬಗೋಡಿಗಳಿಗೆ ಅದು ಹಬ್ಬಿತು. ಬೀದಿಗಿಳಿದವರ ಸಂಖ್ಯೆ ಲಕ್ಷ ದಾಟಿತೆಂದು ವರದಿಗಳು ಹೇಳಿದವು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಕರಪತ್ರವಿರಲಿಲ್ಲ, ವೇದಿಕೆಯಿರಲಿಲ್ಲ, ಮೈಕ್ ಇರಲಿಲ್ಲ. ಪತ್ರಿಕೆಯ ಸುದ್ದಿ ಬಾಯಿಂದ ಬಾಯಿಗೆ, ಲೈನಿನಿಂದ ಲೈನಿಗೆ ಹರಡಿತ್ತು ಅಷ್ಟೆ.

ಎರಡನೆಯ ದಿನ ಹಿಂಸೆ ನಡೆಯಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯಲ್ಲಿದ್ದ ವಾಹನಗಳು ಸುಟ್ಟವು. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಮಹಿಳೆಯರು ಗಾಯಗೊಂಡರು. ಅದೇ ದಿನ ಸಂಜೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಹೊಸ ನಿಯಮವನ್ನು ಹಿಂಪಡೆದಿರುವುದಾಗಿ ಪ್ರಕಟಿಸಿದರು. ದೇಶದ ಕೋಟ್ಯಂತರ ಪಿ.ಎಫ್. ಸದಸ್ಯರಿಗೆ ಅನ್ವಯವಾಗುವ ಆದೇಶವನ್ನು ಬೆಂಗಳೂರಿನ ಹೊರವಲಯದ ಹೊಲಿಗೆ ಕೆಲಸದ ಹೆಣ್ಣುಮಕ್ಕಳು ಎರಡೇ ದಿನಗಳಲ್ಲಿ ಬದಲಾಯಿಸಿದ್ದರು! ಎಲೆಕ್ಟ್ರಾನಿಕ್ ಸಿಟಿಯ, ವೈಟ್‌ಫೀಲ್ಡಿನ ಹವಾನಿಯಂತ್ರಿತ ಕಚೇರಿಗಳಲ್ಲಿ ಕುಳಿತು, ಟ್ರಾಫಿಕ್ಕಿಗಾಗಿ ಶಪಿಸಿದ ಉದ್ಯೋಗಿಗಳಿಗೂ ಆ ಗೆಲುವಿನಲ್ಲಿ ಪಾಲಿತ್ತು.

ಗೆದ್ದವರ ಹೆಸರೇನು?

ನಮ್ಮನ್ನು ಕಾಡುವ ಪ್ರಶ್ನೆ ಇಲ್ಲಿದೆ. 1909ರ ನ್ಯೂಯಾರ್ಕ್ ಎಂದರೆ ಕ್ಲಾರಾ ಲೆಮ್ಲಿಕ್ ನೆನಪಾಗುತ್ತಾಳೆ. 2016ರ ಬೆಂಗಳೂರು ಎಂದರೆ ಯಾರು ನೆನಪಾಗುತ್ತಾರೆ? ಸುಡುವ ಬಸ್ಸಿನ ಚಿತ್ರ ನೆನಪಾಗುತ್ತದೆ. ಲಕ್ಷ ಮಂದಿಯ ಆ ಹೋರಾಟದಿಂದ ನಾಡಿನ ನೆನಪಿನಲ್ಲಿ ಉಳಿದ ಒಂದು ಭಾಷಣವಿಲ್ಲ, ಒಂದು ಹೆಸರಿಲ್ಲ.

ನಾಯಕಿಯಿಲ್ಲದ್ದು ಆ ದಿನಗಳಲ್ಲಿ ಒಂದು ರಕ್ಷಣೆಯೂ ಆಗಿತ್ತು ಎಂಬುದು ನಿಜ. ಮುಂದೆ ನಿಂತವಳನ್ನು ಕೆಲಸದಿಂದ ತೆಗೆಯುವುದು ಸುಲಭ. ಎಲ್ಲರೂ ಮುಂದೆ ನಿಂತಾಗ ತೆಗೆಯುವುದು ಯಾರನ್ನು? ಆದರೆ ಇದರ ಬೆಲೆಯೂ ಇತ್ತು. ಯಾರೂ ಮಾತನಾಡದ ಹೋರಾಟದ ಅರ್ಥವನ್ನು ಬೇರೆಯವರು ಹೇಳುತ್ತಾರೆ. ಅವರಿಗೆ ನಿಯಮ ಅರ್ಥವಾಗಿರಲಿಲ್ಲ, ಯಾರೋ ದಾರಿ ತಪ್ಪಿಸಿದರು, ಕಿಡಿಗೇಡಿಗಳು ನುಸುಳಿದರು ಎಂಬ ವಿವರಣೆಗಳು ತಕ್ಷಣ ಬಂದವು. ಆ ಮಹಿಳೆಯರಿಗೆ ನಿಯಮ ಚೆನ್ನಾಗಿಯೇ ಅರ್ಥವಾಗಿತ್ತು. ಅದನ್ನು ನಾಡಿಗೆ ವಿವರಿಸಿ ಹೇಳುವ ವೇದಿಕೆ ಅವರಿಗೆ ಇರಲಿಲ್ಲ. ಪಿ.ಎಫ್. ಉಳಿಯಿತು. ಆದರೆ ಟಾರ್ಗೆಟ್, ಬೈಗುಳ, ಕನಿಷ್ಠ ವೇತನದ ಪ್ರಶ್ನೆಗಳು ಆ ಎರಡು ದಿನಗಳ ನಂತರ ಮತ್ತೆ ಕಾರ್ಖಾನೆಯ ಗೋಡೆಯೊಳಗೆ ಸೇರಿಕೊಂಡವು. ಕೋಪ ರಸ್ತೆಯನ್ನು ತಡೆಯಬಲ್ಲದು, ಬೇಡಿಕೆಯನ್ನು ತಿಂಗಳುಗಟ್ಟಲೆ ಜೀವಂತವಾಗಿಡಲು ಮಾತು ಬೇಕು.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಉಡುಪು ಕಾರ್ಖಾನೆಯೊಂದು ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಹೆಚ್ಚಿನವರು ಮಹಿಳೆಯರು, ಸುಮಾರು 50 ದಿನ ಧರಣಿ ಕುಳಿತರು. ಅಲ್ಲಿ ಸಂಘವಿತ್ತು, ದಿನವೂ ಮಾತನಾಡುವವರಿದ್ದರು, ಕಾರ್ಮಿಕರ ಅಹವಾಲು ವಿದೇಶಿ ಖರೀದಿದಾರ ಕಂಪೆನಿಯವರೆಗೂ ತಲುಪಿತು. ಮಾತಿನ ಅಭ್ಯಾಸವಿರುವಲ್ಲಿ ಹೋರಾಟದ ಆಯುಸ್ಸು ಹೆಚ್ಚು.

ಭಾಷೆಯ ಪ್ರಶ್ನೆಯೂ ಈಗ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಮ್‌ಗಳ ಹುಡುಗಿಯರು ಈ ಕಾರ್ಖಾನೆಗಳಿಗೆ ಬಂದು ಹಾಸ್ಟೆಲ್‌ಗಳಲ್ಲಿ ಉಳಿಯುತ್ತಿದ್ದಾರೆ. ಗೇಟಿನ ಮುಂದೆ ಕನ್ನಡದಲ್ಲಿ ಮಾಡುವ ಭಾಷಣ ಅವರಿಗೆ, ನ್ಯೂಯಾರ್ಕ್‌ನ ಇಟಾಲಿಯನ್ ಹುಡುಗಿಯರಿಗೆ ಯಿಡ್ಡಿಷ್ ಹೇಗಿತ್ತೋ ಹಾಗೆ. ಒಡಿಯಾ, ಹಿಂದಿ ಬಲ್ಲ ಒಬ್ಬ ಸಂಘಟಕಿ ಇಂದು ಹತ್ತು ಕರಪತ್ರಗಳಿಗಿಂತ ಬೆಲೆಬಾಳುತ್ತಾಳೆ.

ಮಾತು ಎಂದರೆ ಬಹಿರಂಗ ಸಭೆ ಮಾತ್ರವೂ ಅಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಇರುವ ಪ್ರತಿಯೊಂದು ಸಂಸ್ಥೆಯಲ್ಲಿ ದೂರು ಸಮಿತಿ ಇರಬೇಕು, ಅದರ ಅಧ್ಯಕ್ಷತೆ ಮಹಿಳೆಯದೇ ಆಗಬೇಕು. ದೂರನ್ನು ಬರೆದುಕೊಡಲಾಗದವಳಿಗೆ ಬರೆಯಲು ನೆರವಾಗುವುದೂ ಸಮಿತಿಯ ಕರ್ತವ್ಯ. ಅಂದರೆ ಬಾಯಿಮಾತಿನಲ್ಲಿ ಹೇಳುವ ಹೆಣ್ಣಿಗೂ ಕಾನೂನು ಜಾಗ ಮಾಡಿಕೊಟ್ಟಿದೆ. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಉದ್ಯೋಗಿಗೂ, ಅದೇ ಕಟ್ಟಡದ ನೆಲ ಒರೆಸುವ ಗುತ್ತಿಗೆ ಕಾರ್ಮಿಕಳಿಗೂ ಈ ಕಾನೂನು ಒಂದೇ. ಆದರೆ ಸಮಿತಿಯ ಮುಂದೆ ಬಾಯಿ ತೆರೆಯುವ ಧೈರ್ಯ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಸಿಕ್ಕಿದೆಯೇ?

ನಮ್ಮ ಅಂಗಳದಲ್ಲಿ

ಬೇರೆಯವರ ವೇದಿಕೆಗಳನ್ನು ಕುರಿತು ಇಷ್ಟು ಹೇಳಿದ ಮೇಲೆ ನಮ್ಮ ಸಮುದಾಯದ ವೇದಿಕೆಯನ್ನು ನೋಡದಿದ್ದರೆ ಅದು ಅಪ್ರಾಮಾಣಿಕತೆಯಾಗುತ್ತದೆ. 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್ ಅವರಿಗೆ 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯಲ್ಲಿ ಎದುರಾದದ್ದು ಹಲ್ಲೆಯ ಪ್ರಯತ್ನ. ಮಸೀದಿಗೆ ಮಹಿಳೆಯರ ಪ್ರವೇಶದ ಪರವಾಗಿ ಮಾತನಾಡಿದ ಬಾನು ಮುಷ್ತಾಕ್ ಅವರಿಗೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ. ಅದೇ ಬಾನು ಅವರಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ಈ ಬಾರಿ ಬೇರೆ ಗುಂಪಿನವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸುಪ್ರೀಂ ಕೋರ್ಟ್‌ವರೆಗೂ ಹೋದ ಆ ಅರ್ಜಿ ವಜಾ ಆಯಿತು, ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರು ದಸರಾ ಉದ್ಘಾಟಿಸಿ ಮಾತನಾಡಿದರು. ಒಂದು ಹೆಣ್ಣು ದನಿಗೆ ಒಳಗಿನವರೂ ಹೊರಗಿನವರೂ ಸರದಿಯಂತೆ ಅಡ್ಡ ನಿಂತ ಕಥೆ ಇದು.

2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಟ್ಯಾನರಿ ರಸ್ತೆಯ ಬಿಲಾಲ್ ಮಸೀದಿಯ ಎದುರು ಪೌರತ್ವ ಕಾಯ್ದೆಯ ವಿರುದ್ಧ ಮಹಿಳೆಯರು ಹಗಲಿರುಳು ಕುಳಿತಾಗ, ಗೃಹಿಣಿಯರೂ ವಿದ್ಯಾರ್ಥಿನಿಯರೂ ಮೈಕ್ ಹಿಡಿದರು. ಆಗ ಅವರಿಗೆ ಚಪ್ಪಾಳೆ ತಟ್ಟಿದ ನಾವು, ಕೋವಿಡ್‌ನಿಂದ ಆ ಚಪ್ಪರ ಎದ್ದುಹೋದ ಮೇಲೆ ಅವರನ್ನು ಯಾವ ಜಮಾಅತ್ ಸಭೆಗೆ ಕರೆದಿದ್ದೇವೆ? ಸಮುದಾಯಕ್ಕೆ ಸಂಕಟ ಬಂದಾಗ ಹೆಣ್ಣಿನ ಗಂಟಲು ಬೇಕು, ಸಮುದಾಯದೊಳಗಿನ ತೀರ್ಮಾನಕ್ಕೆ ಅದು ಬೇಡ ಎಂಬ ನಿಲುವು ಖೌಲಾ(ರ)ರ ವಾದವನ್ನು ಆಲಿಸಿದ ಪರಂಪರೆಗೆ ಒಪ್ಪುವಂಥದ್ದಲ್ಲ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ನಮ್ಮ ಮದ್ರಸಾ ವಾರ್ಷಿಕೋತ್ಸವಗಳಲ್ಲಿ ಹೆಣ್ಣುಮಕ್ಕಳ ಭಾಷಣವನ್ನು ಹತ್ತು ವರ್ಷ ವಯಸ್ಸಿಗೆ ನಿಲ್ಲಿಸದಿರುವುದು ಒಂದು. ಜಮಾಅತಿನ ಮದುವೆ ತಲಾಖ್ ಪಂಚಾಯಿತಿಗಳಲ್ಲಿ ಹೆಣ್ಣಿನ ಪರವಾಗಿ ಅವಳ ಅಣ್ಣನ ಬದಲು ಅವಳನ್ನೇ ಕೇಳುವುದು ಇನ್ನೊಂದು. ಪೀಣ್ಯದ ಲೈನಿನಲ್ಲಿ ದುಡಿದು ಮನೆ ನಡೆಸುವ ಅಕ್ಕ ತಂಗಿಯರನ್ನು ಭಾನುವಾರದ ಸಭೆಗೆ ಹೋಗದಂತೆ ತಡೆಯದಿರುವುದು ಮತ್ತೊಂದು. ಪಿ.ಎಫ್. ನಿಯಮ, ಇ.ಎಸ್.ಐ. ಸೌಲಭ್ಯ, ದೂರು ಸಮಿತಿಯ ವಿಚಾರ ಅವರಿಂದಲೇ ನಮ್ಮ ಮನೆಗಳಿಗೆ ಬರಬೇಕು. ರೋಚೆಸ್ಟರ್‌ನ ಸಭಿಕರಂತೆ ನಾವೂ 'ಗಟ್ಟಿಯಾಗಿ' ಎಂದು ಕೂಗಬೇಕು. ಬಾಯಿ ಮುಚ್ಚಿಸುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ.